ಇಳಿಬಿಸಿಲಲ್ಲಿ ತೆಗೆದ ಕಟ್ಟಡದ ಫೋಟೊ: ಬಣ್ಣ ಕೆಟ್ಟಿದ್ದು ಎಲ್ಲಿ?

ಬಾದಾಮಿಯ ಅಗಸ್ತ್ಯ ತೀರ್ಥದ ಪೂರ್ವ ದಂಡೆಯಲ್ಲಿ ಭೂತನಾಥ ಗುಡಿ ಇದೆ. ಅದರ ಮುಖ ಪಶ್ಚಿಮಕ್ಕೆ. ಸಂಜೆ ಬಿಸಿಲು ನೀರಿನ ಮೇಲಿಂದ ಬಂದು ನೇರ ಗುಡಿಗೆ ತಾಗುತ್ತದೆ. ಮೊದಲೇ ಕೆಂಪು ಮರಳುಗಲ್ಲು, ಅದರ ಮೇಲೆ ಹೊಂಬಿಸಿಲು. ನೋಡುತ್ತಾ ನಿಂತರೆ ಕೆಂಡದ ಹಾಗೆ ಹೊಳೆಯುತ್ತದೆ. ನಾನು ಮೊದಲ ಸಲ ಅಲ್ಲಿ ತೆಗೆದ ಫೋಟೊಗಳನ್ನು ಮನೆಗೆ ಬಂದು ತೆರೆದೆ. ಕಲ್ಲು ಒಣಮಣ್ಣಿನ ಬಣ್ಣಕ್ಕೆ ಇಳಿದಿತ್ತು. ನೀರಿಗೆ ಬೇಡದ ನೀಲಿ ಬಂದಿತ್ತು. ಕ್ಯಾಮೆರಾ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ.

ಸಂಜೆಯ ಕಟ್ಟಡದ ಫೋಟೊದಲ್ಲಿ ಬಣ್ಣ ಸರಿಯಿಲ್ಲ ಅನ್ನಿಸಿದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಬಣ್ಣ ಕಲ್ಲಿನದೋ, ಬೆಳಕಿನದೋ? ಕ್ಯಾಮೆರಾಗೆ ಇದು ಗೊತ್ತಾಗುವುದಿಲ್ಲ. ಅಲ್ಲಿ ನಿಂತು ನೋಡಿದ ನಿಮಗೆ ಗೊತ್ತಾಗುತ್ತದೆ. ಕೆಳಗಿರುವುದೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿ. ದುಡ್ಡು ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ಕಷ್ಟದವು ಆಮೇಲೆ.

ಎಲ್ಲ ಫೋಟೊಗಳೂ ಹಳದಿಯಾಗಿ ಕಾಣುತ್ತಿವೆ

ಫೋಟೊ ಮುಟ್ಟಬೇಡಿ. ಮೊದಲು ಪರದೆ ನೋಡಿ.

ಸಂಜೆ ಫೋಟೊ ತೆಗೆದವರು ಸಾಮಾನ್ಯವಾಗಿ ರಾತ್ರಿಯೇ ತೆರೆದು ನೋಡುತ್ತಾರೆ. ಆ ಹೊತ್ತಿಗೆ ಫೋನು, ಲ್ಯಾಪ್‌ಟಾಪುಗಳಲ್ಲಿ ಕಣ್ಣಿಗೆ ಹಿತವಾಗಲಿ ಎಂದು ಇಟ್ಟಿರುವ ನೈಟ್ ಮೋಡ್ ತಾನಾಗಿಯೇ ಶುರುವಾಗಿರುತ್ತದೆ. ಅದು ನೀಲಿಯನ್ನು ಕಡಿಮೆ ಮಾಡಿ ಇಡೀ ಪರದೆಯನ್ನು ಹಳದಿಗೆ ತಿರುಗಿಸುತ್ತದೆ. ಅದನ್ನು ಆಫ್ ಮಾಡಿ. ಸುತ್ತಲಿನ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ. ಈಗ ಹಿಂದೆ ತೆಗೆದ, ಬಣ್ಣ ಸರಿಯಿದೆ ಎಂದು ಖಚಿತವಿರುವ ಒಂದು ಹಳೆಯ ಫೋಟೊ ತೆರೆಯಿರಿ. ಅದೂ ಹಳದಿ ಕಂಡರೆ ತಪ್ಪು ಪರದೆಯದು. ಅದು ಸರಿಯಾಗಿ ಕಂಡರೆ ಮಾತ್ರ ಮುಂದಕ್ಕೆ ಹೋಗಿ.

ಪರದೆಯ ಜೊತೆ ಕಣ್ಣನ್ನೂ ಪರೀಕ್ಷಿಸಬೇಕು. ಕಣ್ಣು ಯಾವ ಬೆಳಕಿಗೂ ಬೇಗ ಒಗ್ಗಿಕೊಳ್ಳುತ್ತದೆ. ಕಿತ್ತಳೆ ಫೋಟೊವನ್ನು ಅರ್ಧ ಗಂಟೆ ನೋಡುತ್ತಾ ಕೂತರೆ ಅದೇ ಸಹಜ ಅನ್ನಿಸಿಬಿಡುತ್ತದೆ. ಎದ್ದು ಹೋಗಿ ನೀರು ಕುಡಿದು ಬನ್ನಿ. ತಿರುಗಿ ಬಂದ ಮೊದಲ ಎರಡು ಸೆಕೆಂಡಿನಲ್ಲಿ ಏನನ್ನಿಸುತ್ತದೋ ಅದನ್ನು ನಂಬಿ. ಇನ್ನೊಂದು ಮಾತು. ಜಾಗದಲ್ಲೇ ಕ್ಯಾಮೆರಾ ಪರದೆ ನೋಡುವಾಗ ತಂಪು ಕನ್ನಡಕ ತೆಗೆಯಿರಿ. ಕಂದು ಗಾಜಿನ ಮೂಲಕ ಬಣ್ಣ ಅಳೆಯಲು ಆಗುವುದಿಲ್ಲ.

ಮಾನಿಟರಿನಲ್ಲಿ ಬಣ್ಣದ ಆಯ್ಕೆ ಇದ್ದರೆ 6500 ಕೆಲ್ವಿನ್‌ಗೆ ಇಡಿ. (ಕೆಲ್ವಿನ್ ಎಂದರೆ ಬೆಳಕು ಎಷ್ಟು ಕೆಂಪು, ಎಷ್ಟು ನೀಲಿ ಎಂದು ಹೇಳುವ ಅಳತೆ.) ಬ್ರೈಟ್‌ನೆಸ್ ಪೂರ್ತಿ ಏರಿಸಬೇಡಿ. ಇದೇ ಕಸುಬು ಮಾಡುವವರಾದರೆ ಮಾನಿಟರ್ ಕ್ಯಾಲಿಬ್ರೇಟ್ ಮಾಡುವ ಉಪಕರಣ ತೆಗೆದುಕೊಳ್ಳಿ. ಹೊಸ ಲೆನ್ಸಿಗಿಂತ ಮೊದಲು ಅದು ಬೇಕು ಎನ್ನುವವನು ನಾನು.

ಕೆಂಪು ಕಲ್ಲು ಸಪ್ಪೆಯಾಗಿದೆ, ಬೂದಿ ಬಡಿದ ಹಾಗಿದೆ

ಭೂತನಾಥದಲ್ಲಿ ನನಗೆ ಆಗಿದ್ದು ಇದೇ. ಕಾರಣ ಆಟೊ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣ ಕಳೆದು ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ತಾನೇ ಮಾಡುವ ಹೊಂದಾಣಿಕೆ.

ಒಂದು ಚಿತ್ರದೊಳಗಿನ ಬಣ್ಣಗಳನ್ನೆಲ್ಲ ಕಲಸಿದರೆ ಹೆಚ್ಚುಕಡಿಮೆ ಬೂದು ಬರುತ್ತದೆ. ಆಟೊ ಎಂಬುದು ಮುಖ್ಯವಾಗಿ ಈ ಲೆಕ್ಕದ ಮೇಲೆಯೇ ನಿಂತಿದೆ. ಪೇಟೆ ಬೀದಿಯಲ್ಲಿ ಈ ಲೆಕ್ಕ ನಡೆಯುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಚೌಕಟ್ಟಿನ ತುಂಬ ಕೆಂಪು ಕಲ್ಲೇ ಇರುತ್ತದೆ. ಕ್ಯಾಮೆರಾ ಅದನ್ನು ಬೆಳಕಿನ ತಪ್ಪು ಎಂದುಕೊಂಡು ನೀಲಿ ಸುರಿಯುತ್ತದೆ. ಕಲ್ಲಿನ ಕೆಂಪೂ ಹೋಯಿತು, ಸಂಜೆಯ ಹೊನ್ನೂ ಹೋಯಿತು.

ಪರೀಕ್ಷೆ ಸುಲಭ. ರಾ ಫೈಲ್ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸಿದ ಫೈಲ್) ಇದ್ದರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ವೈಟ್ ಬ್ಯಾಲೆನ್ಸನ್ನು ‘ಡೇಲೈಟ್’ಗೆ, ಅಂದರೆ ನಡುಹಗಲ ಬಿಸಿಲಿನ ಸೆಟ್ಟಿಂಗಿಗೆ ಬದಲಿಸಿ. ಬಣ್ಣ ತಟ್ಟನೆ ಮರಳಿ ಬಂದರೆ ರೋಗವೂ ಸಿಕ್ಕಿತು, ಮದ್ದೂ ಸಿಕ್ಕಿತು. ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಬರೀ ಒಂದು ಟಿಪ್ಪಣಿಯ ಹಾಗೆ ಇರುತ್ತದೆ. ಎಷ್ಟು ಸಲ ಬದಲಿಸಿದರೂ ನಷ್ಟವಿಲ್ಲ. ಜೆಪೆಗ್‌ನಲ್ಲಿ ಬಣ್ಣ ಆಗಲೇ ಬೆಂದುಹೋಗಿರುತ್ತದೆ. ಸ್ವಲ್ಪ ತಿದ್ದಬಹುದು, ಜಾಸ್ತಿ ಎಳೆದರೆ ಒಡೆಯುತ್ತದೆ. ಹಾಗಾಗಿ ಸಂಜೆಯ ಕಟ್ಟಡಕ್ಕೆ ರಾ ಬಿಟ್ಟು ಬೇರೆ ಯೋಚನೆ ಬೇಡ. ಈಗ ಹಲವು ಫೋನುಗಳ ಪ್ರೊ ಮೋಡಿನಲ್ಲೂ ರಾ ಸಿಗುತ್ತದೆ.

ಕೆಲ್ವಿನ್ ಅಂಕಿಯಲ್ಲಿ ಹೊಸಬರಿಗೆ ಒಂದು ಗೊಂದಲ ಆಗೇ ಆಗುತ್ತದೆ. ಬೆಳಕಿನ ಕೆಲ್ವಿನ್ ಕಡಿಮೆ ಇದ್ದಷ್ಟು ಬೆಳಕು ಕೆಂಪು. ಮೇಣದ ಬತ್ತಿ ಸುಮಾರು 1900, ಹಳೆಯ ಬುರುಡೆ ಬಲ್ಬು 2700ರ ಆಸುಪಾಸು, ನಡುಹಗಲ ಬಿಸಿಲು 5500ರ ಹತ್ತಿರ, ತಿಳಿಯಾದ ಆಕಾಶದ ಕೆಳಗಿನ ನೆರಳು 7000ಕ್ಕಿಂತ ಮೇಲೆ. ಆದರೆ ಕ್ಯಾಮೆರಾದಲ್ಲಿ ಅಂಕಿ ಏರಿಸಿದರೆ ಫೋಟೊ ಕೆಂಪಾಗುತ್ತದೆ. ಉಲ್ಟಾ ಅಲ್ವಾ? ಉಲ್ಟಾ ಅಲ್ಲ. 8000 ಎಂದು ಇಟ್ಟರೆ ‘ಇಲ್ಲಿ ಬೆಳಕು ತುಂಬ ನೀಲಿ ಇದೆ’ ಎಂದು ನಾವು ಕ್ಯಾಮೆರಾಗೆ ಹೇಳಿದಂತೆ. ಅದು ಸರಿದೂಗಿಸಲು ಕಿತ್ತಳೆ ಸೇರಿಸುತ್ತದೆ.

ರೀಲ್ ಕಾಲದ ಡೇಲೈಟ್ ಫಿಲ್ಮ್ 5500 ಕೆಲ್ವಿನ್‌ಗೆ ಹೊಂದಿಸಿದ್ದು. ಸಂಜೆ ತೆಗೆದರೆ ಸಂಜೆಯೇ ಬರುತ್ತಿತ್ತು, ಯಾರೂ ಅದನ್ನು ದೋಷ ಎನ್ನಲಿಲ್ಲ. ಈಗಲೂ ನಾನು ಕ್ಯಾಮೆರಾವನ್ನು 5200ಕ್ಕೆ ಕಟ್ಟಿಹಾಕಿ ಶುರುಮಾಡುತ್ತೇನೆ. ಮಧ್ಯಾಹ್ನ 3ಕ್ಕೆ ಒಂದು, 4ಕ್ಕೆ ಒಂದು, 5ಕ್ಕೆ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಬಿಸಿಲು ಹೇಗೆ ಮಾಗಿತು ಎಂಬುದು ಕಾಣುತ್ತದೆ. 3 ಗಂಟೆಯ ಚಿತ್ರ ಹೆಚ್ಚುಕಡಿಮೆ ಕಲ್ಲಿನ ಸ್ವಂತ ಬಣ್ಣ. ಉಳಿದದ್ದು ಸೂರ್ಯನ ಕಾಣಿಕೆ. ಕಲ್ಲಿನದೋ ಬೆಳಕಿನದೋ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಬಿಸಿಲು ಬಿದ್ದ ಕಡೆ ಸರಿ, ನೆರಳೆಲ್ಲ ನೀಲಿ

ಜಾಸ್ತಿ ಜನ ಎಡವುವುದು ಇಲ್ಲೇ.

ಬಿಸಿಲು ಬಿದ್ದ ಗೋಡೆಗೆ ಬೆಳಕು ಸೂರ್ಯನಿಂದ ಬರುತ್ತದೆ. ನೆರಳಿನ ಗೋಡೆಗೆ ಬೆಳಕು ಬರುವುದು ನೀಲಿ ಆಕಾಶದಿಂದ. ಒಂದೇ ಕಟ್ಟಡಕ್ಕೆ ಎರಡು ದೀಪ ಹಿಡಿದ ಹಾಗೆ. ಮಧ್ಯಾಹ್ನ ಈ ಎರಡರ ನಡುವಿನ ಅಂತರ ಕಡಿಮೆ. ಸಂಜೆ ಸೂರ್ಯನ ಬೆಳಕು ದಪ್ಪ ಗಾಳಿಯ ಪದರ ದಾಟಿ ಬರುತ್ತದೆ. ದಾರಿಯಲ್ಲಿ ನೀಲಿ ಚದುರಿ ಕೆಂಪು ಉಳಿಯುತ್ತದೆ. ಆಕಾಶ ಮಾತ್ರ ನೀಲಿಯಾಗಿಯೇ ಇರುತ್ತದೆ. ಅಂತರ ದೊಡ್ಡದಾಗುತ್ತದೆ. ಬಿಸಿಲಿನ ಭಾಗವನ್ನು ಬಿಳಿ ಮಾಡಹೊರಟರೆ ನೆರಳು ಇಂಕಿನ ನೀಲಿ ಆಗುತ್ತದೆ. ನೆರಳನ್ನು ಸರಿ ಮಾಡಹೊರಟರೆ ಬಿಸಿಲಿನ ಗೋಡೆ ಅರಿಶಿನ ಬಳಿದಂತಾಗುತ್ತದೆ.

ನಮ್ಮಲ್ಲಿ ಇದು ಇನ್ನೂ ತೀವ್ರ. ಬಹಳಷ್ಟು ಗುಡಿಗಳ ಮುಖ ಪೂರ್ವಕ್ಕೆ. ಪಟ್ಟದಕಲ್ಲಿನ ವಿರೂಪಾಕ್ಷ, ಹಳೇಬೀಡಿನ ಹೊಯ್ಸಳೇಶ್ವರ ಎರಡೂ ಹಾಗೆಯೇ. ಬೆಂಗಳೂರಿನ ವಿಧಾನಸೌಧದ ದೊಡ್ಡ ಮೆಟ್ಟಿಲೂ ಪೂರ್ವದ ಕಡೆಗೇ ಇದೆ. ಸಂಜೆ ಇವುಗಳ ಮುಂಭಾಗ ಪೂರ್ತಿ ನೆರಳು, ಶಿಖರದ ಅಂಚಿಗೆ ಮಾತ್ರ ಹೊಂಬಿಸಿಲು. ಮುಂಭಾಗದ ಕಲ್ಲಿನ ಬಣ್ಣ ತಣ್ಣಗೆ ಬಂದಿದೆ ಎಂದು ಗಾಬರಿಯಾಗಬೇಡಿ. ಅಲ್ಲಿ ಬಿಸಿಲೇ ಇರಲಿಲ್ಲ. ಆ ಕಲ್ಲಿಗೆ ಹೊನ್ನು ಬೇಕಾದರೆ ಬೆಳಗ್ಗೆ ಹೋಗಿ.

ಮೊದಲ ಪರೀಕ್ಷೆ: ರಾ ಫೈಲಿನಲ್ಲಿ ಕೆಲ್ವಿನ್ ಅಂಕಿಯನ್ನು ಎರಡು ಕೊನೆಗೂ ಎಳೆದು ನೋಡಿ. ಒಂದು ಅಂಕಿಯಲ್ಲಿ ಬಿಸಿಲು ಸರಿ, ಇನ್ನೊಂದರಲ್ಲಿ ನೆರಳು ಸರಿ, ಎರಡೂ ಒಟ್ಟಿಗೆ ಎಲ್ಲೂ ಸರಿಯಾಗುವುದಿಲ್ಲ ಎಂದಾದರೆ ಇದು ಎರಡು ಬೆಳಕಿನ ಸಮಸ್ಯೆಯೇ.

ಪರಿಹಾರಕ್ಕೆ ಒಂದು ಗ್ರೇ ಕಾರ್ಡ್, ಅಂದರೆ ಅಪ್ಪಟ ಬೂದು ಬಣ್ಣದ ರಟ್ಟು ಇಟ್ಟುಕೊಳ್ಳಿ. ಅದನ್ನು ಬಿಸಿಲಲ್ಲಿ ಹಿಡಿದು ಒಂದು ಫೋಟೊ, ನೆರಳಲ್ಲಿ ಹಿಡಿದು ಇನ್ನೊಂದು ಫೋಟೊ ತೆಗೆಯಿರಿ. ಮನೆಯಲ್ಲಿ ಸಾಫ್ಟ್‌ವೇರಿನಿಂದ ಅಳೆದಾಗ ಬಿಸಿಲಲ್ಲಿ 3700, ನೆರಳಲ್ಲಿ 8500 ಬಂತು ಎಂದುಕೊಳ್ಳಿ. ನಡುವಿನ ಅಂಕಿ ಎಷ್ಟು? ಸುಮ್ನೆ ಕೂಡಿ ಎರಡರಿಂದ ಭಾಗಿಸಿದರೆ 6100 ಬರುತ್ತದೆ. ಫೋಟೊ ತುಂಬ ಕಿತ್ತಳೆಯಾಗುತ್ತದೆ. ಏಕೆಂದರೆ ಕೆಲ್ವಿನ್ ಅಂಕಿ ಕಣ್ಣಿನ ಲೆಕ್ಕದಂತೆ ಏರುವುದಿಲ್ಲ. 3000ದಿಂದ 3500ಕ್ಕೆ ಹೋದರೆ ಬಣ್ಣ ತುಂಬ ಬದಲಾಗುತ್ತದೆ. 6000ದಿಂದ 6500ಕ್ಕೆ ಹೋದರೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಹಾಗಾಗಿ 10 ಲಕ್ಷವನ್ನು ಆ ಅಂಕಿಗಳಿಂದ ಭಾಗಿಸಬೇಕು. 3700ಕ್ಕೆ 270, 8500ಕ್ಕೆ 118. ಇವೆರಡರ ನಡು 194. ಮತ್ತೆ 10 ಲಕ್ಷವನ್ನು 194ರಿಂದ ಭಾಗಿಸಿದರೆ ಸುಮಾರು 5150. ನೋಡಿ, ಡೇಲೈಟಿನ ಹತ್ತಿರವೇ ಬಂದು ನಿಂತಿತು. ಸಂಜೆಯ ಕಟ್ಟಡಕ್ಕೆ ಡೇಲೈಟ್ ಒಗ್ಗುವುದು ಹೀಗಾಗಿ.

ಈ ನಡುವಿನ ಅಂಕಿಯಲ್ಲಿ ಬಿಸಿಲು ಸ್ವಲ್ಪ ಹೊನ್ನು, ನೆರಳು ಸ್ವಲ್ಪ ನೀಲಿ ಇರುತ್ತದೆ. ಅಷ್ಟಕ್ಕೇ ಬಿಡಿ ಎಂಬುದು ನನ್ನ ಅಭಿಪ್ರಾಯ. ಸಂಜೆ ಇರುವುದೇ ಹಾಗೆ. ಒಂದು ಜಾಗದ ನೀಲಿ ಕಣ್ಣಿಗೆ ಚುಚ್ಚುತ್ತಿದ್ದರೆ ಮಾತ್ರ ಆ ಭಾಗಕ್ಕೆ ಮಾಸ್ಕ್ ಹಾಕಿ, ಅಂದರೆ ಅದೊಂದನ್ನೇ ಆರಿಸಿಕೊಂಡು, ಕೆಲ್ವಿನ್ ತುಸು ಏರಿಸಿ. ನೀಲಿಯನ್ನು ಅರ್ಧದಷ್ಟು ಕಡಿಮೆ ಮಾಡಿ ನಿಲ್ಲಿಸಿ. ಪೂರ್ತಿ ತೆಗೆದರೆ ನೆರಳು ನೆರಳಾಗಿ ಉಳಿಯದೆ ಮಬ್ಬು ಕಲೆಯಾಗುತ್ತದೆ.

ಬಿಳಿ ಗೋಡೆಯ ಕೆಳಭಾಗಕ್ಕೆ ಹಸಿರು ಅಥವಾ ಕೆಂಪು ಹತ್ತಿದೆ

ನೆಲದತ್ತ ನೋಡಿ. ಹುಲ್ಲುಹಾಸಿನ ಮೇಲೆ ಬಿದ್ದ ಬಿಸಿಲು ಪುಟಿದು ಗೋಡೆಗೆ ಹಸಿರು ಬಳಿಯುತ್ತದೆ. ಕರಾವಳಿಯ ಜಂಬಿಟ್ಟಿಗೆ ಅಂಗಳವಾದರೆ ಕೆಂಪು. ಗೋಡೆಯ ಬುಡದಲ್ಲಿ ಜಾಸ್ತಿ, ಮೇಲಕ್ಕೆ ಹೋದಂತೆ ಕಡಿಮೆ ಎಂದಿದ್ದರೆ ಇದು ಪುಟಿದ ಬಣ್ಣವೇ. ಇದಕ್ಕೆ ಇಡೀ ಚಿತ್ರದ ಟಿಂಟ್ (ಹಸಿರು ಮತ್ತು ಮಜೆಂಟಾ, ಅಂದರೆ ನೇರಳೆ ಗುಲಾಬಿ, ಇವುಗಳ ನಡುವಿನ ಹೊಂದಾಣಿಕೆ) ಎಳೆಯಬೇಡಿ, ಆಕಾಶ ನೇರಳೆಗೆ ಹೋಗುತ್ತದೆ. ಬುಡದಿಂದ ಮೇಲಕ್ಕೆ ಹೋದಂತೆ ಕಡಿಮೆಯಾಗುವ ಒಂದು ಗ್ರೇಡಿಯಂಟ್ ಹಾಕಿ ಅಲ್ಲಿ ಮಾತ್ರ ತಿದ್ದಿ.

ಐಡ್ರಾಪರ್ ಒತ್ತಿದ ಮೇಲೆ ಬಣ್ಣ ಇನ್ನೂ ಕೆಟ್ಟಿತು

ಐಡ್ರಾಪರ್ ಎಂದರೆ ಒತ್ತಿದ ಜಾಗವನ್ನು ಬಣ್ಣವಿಲ್ಲದ್ದು ಎಂದುಕೊಂಡು ಇಡೀ ಚಿತ್ರ ಹೊಂದಿಸುವ ಸಾಫ್ಟ್‌ವೇರ್ ಗುಂಡಿ. ನೀವು ಒತ್ತಿದ ಜಾಗ ನಿಜಕ್ಕೂ ಬಿಳಿಯೋ ಬೂದುವೋ ಆಗಿತ್ತಾ?

ಹಂಪಿಯ ಕಮಲ ಮಹಲಿನ ಗಾರೆ ದೂರದಿಂದ ಬಿಳಿಚಾಗಿ ಕಾಣುತ್ತದೆ. ಹತ್ತಿರ ಹೋದರೆ ಅದು ಕೆನೆ ಬಣ್ಣ. ಅದರ ಮೇಲೆ ಒತ್ತಿದರೆ ಆ ಕೆನೆಯನ್ನು ಅಳಿಸಲು ಸಾಫ್ಟ್‌ವೇರ್ ಇಡೀ ಚಿತ್ರಕ್ಕೆ ನೀಲಿ ತುಂಬುತ್ತದೆ. ಇನ್ನು ಗುಡಿಯ ಮುಂದೆ ನಿಂತವರ ಬಿಳಿ ಪಂಚೆ. ನೀಲಿ ಹಾಕಿ ಒಗೆದ ಪಂಚೆ ನಿಜವಾಗಿ ನೀಲಿ ಬೆರೆತ ಬಿಳಿ. ಅದರ ಮೇಲೆ ಒತ್ತಿದರೆ ಚಿತ್ರ ಹಳದಿಗೆ ಜಾರುತ್ತದೆ. ಸುಟ್ಟು ಬೆಳ್ಳಗಾದ ಆಕಾಶದ ಮೇಲೂ ಒತ್ತಬೇಡಿ, ಅಲ್ಲಿ ಬಣ್ಣದ ಮಾಹಿತಿಯೇ ಇರುವುದಿಲ್ಲ.

ಹಳೇಬೀಡಿನ ವಿಷಯ ಬೇರೆಯೇ ಇದೆ. ಹೊಯ್ಸಳರ ಬಳಪದ ಕಲ್ಲಿನಲ್ಲಿ ಕ್ಲೋರೈಟ್ ಎಂಬ ಖನಿಜ ಇರುತ್ತದೆ. ಅದರಿಂದ ಕಲ್ಲಿಗೆ ತೆಳು ಹಸಿರು ಛಾಯೆ. ದೇವಸ್ಥಾನದ ಪಶ್ಚಿಮದ ಹೊರಗೋಡೆಯ ಶಿಲ್ಪಗಳಿಗೆ ಸಂಜೆ ಬಿಸಿಲು ಓರೆಯಾಗಿ ಬೀಳುತ್ತದೆ. ಆಗ ಆ ಹಸಿರಿನ ಮೇಲೆ ಹೊನ್ನು ಕೂತು ಹಳೆಯ ಕಂಚಿನ ಹಾಗೆ ಕಾಣುತ್ತದೆ. ಬಲು ಚೆಂದದ ಬಣ್ಣ. ಸಾಫ್ಟ್‌ವೇರಿನ ಆಟೊ ಗುಂಡಿ ಒತ್ತಿದರೆ ಅದು ಹಸಿರನ್ನು ದೋಷ ಎಂದು ತಿಳಿದು ಟಿಂಟನ್ನು ಮಜೆಂಟಾ ಕಡೆ ತಳ್ಳುತ್ತದೆ. ಶಿಲ್ಪಗಳೆಲ್ಲ ಗುಲಾಬಿ ಬೂದು. ಹಳೇಬೀಡು, ಬೇಲೂರು, ಸೋಮನಾಥಪುರದ ಫೋಟೊ ಗುಲಾಬಿ ಬಂದಿದ್ದರೆ ಮೊದಲು ಟಿಂಟ್ ನೋಡಿ. ಅದನ್ನು ಡೇಲೈಟಿನ ಮೂಲ ಅಂಕಿಗೆ ತನ್ನಿ. ಬಹಳ ಸಲ ಅಷ್ಟೇ ಸಾಕು.

ಕಲ್ಲು ಕಿತ್ತಳೆ ಬದಲು ಹಳದಿಯಾಗಿ, ಪ್ಲಾಸ್ಟಿಕ್‌ನಂತೆ ಇದೆ

ಇದು ವೈಟ್ ಬ್ಯಾಲೆನ್ಸ್ ಅಲ್ಲ, ಎಕ್ಸ್‌ಪೋಷರ್, ಅಂದರೆ ಸೆನ್ಸರಿಗೆ ಬಿದ್ದ ಬೆಳಕಿನ ಪ್ರಮಾಣ. ಕೆಂಪು ಕಲ್ಲಿಗೆ ಕೆಂಪು ಬಿಸಿಲು ಬಿದ್ದಾಗ ಕೆಂಪು ಚಾನೆಲ್ ಮೊದಲು ತುಂಬಿ ತುಳುಕುತ್ತದೆ. ಅದು ಮೇಲೇರಲು ಜಾಗವಿಲ್ಲ, ಹಸಿರು ಏರುತ್ತಲೇ ಇರುತ್ತದೆ. ಕೆಂಪಿಗೆ ಹಸಿರು ಸೇರಿದರೆ ಹಳದಿ. ಕೆತ್ತನೆಯ ನವಿರೂ ಅಲ್ಲೇ ಅಳಿಸಿಹೋಗುತ್ತದೆ.

ಕ್ಯಾಮೆರಾದ ಒಂದೇ ಬಿಳಿ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ಇದನ್ನು ಮುಚ್ಚಿಡುತ್ತದೆ. ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಂ ಆನ್ ಮಾಡಿ. ಕೆಂಪು ಗುಡ್ಡ ಬಲಗೋಡೆಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರ್ ಅರ್ಧ ಸ್ಟಾಪಿನಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ತೆಗೆದಾಗಿದ್ದರೆ ರಾ ಫೈಲಿನಲ್ಲಿ ಎಕ್ಸ್‌ಪೋಷರ್ ಇಳಿಸಿ ನೋಡಿ. ಸಾಫ್ಟ್‌ವೇರಿನಲ್ಲಿ ಮಾತ್ರ ತುಳುಕಿದ್ದರೆ ಕೆತ್ತನೆ ಮರಳಿ ಬರುತ್ತದೆ. ಬರದಿದ್ದರೆ ಸೆನ್ಸರಿನಲ್ಲೇ ತುಂಬಿಹೋಗಿದೆ. ಆ ಫೋಟೊವನ್ನು ಅಲ್ಲಿಗೆ ಬಿಡಿ, ಎಳೆದಾಡಿ ಫಲವಿಲ್ಲ.

ಒಂದೇ ಗೋಡೆ, ಹತ್ತು ಫೋಟೊ, ಹತ್ತು ಬಣ್ಣ

ಆಟೊದಲ್ಲಿ ಪ್ರತಿ ಫೋಟೊಗೂ ಹೊಸ ಲೆಕ್ಕ. ಚೌಕಟ್ಟಿಗೆ ಸ್ವಲ್ಪ ಆಕಾಶ ಜಾಸ್ತಿ ಬಂದರೂ ಬಣ್ಣ ಬದಲು. ಪನೋರಮಾ ಜೋಡಿಸುವವರಿಗೆ ಇದು ದೊಡ್ಡ ತಲೆನೋವು. ಒಂದು ಕೆಲ್ವಿನ್ ಅಂಕಿಗೆ ಕಟ್ಟಿಹಾಕಿ. ಆಮೇಲೂ ಬದಲಾಗುತ್ತಿದ್ದರೆ ಅದು ಬೆಳಕೇ. ನಮ್ಮ ಕಡೆ ಸೂರ್ಯ ಕಡಿದಾಗಿ ಇಳಿಯುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲಿದ್ದವನು ಮುಳುಗಲು ಬರೀ 25 ನಿಮಿಷದಷ್ಟು ಸಾಕು. ಆ ಹೊತ್ತಿನಲ್ಲಿ ಐದು ನಿಮಿಷಕ್ಕೊಮ್ಮೆ ಗ್ರೇ ಕಾರ್ಡಿನ ಫೋಟೊ ತೆಗೆಯಿರಿ.

ದೀಪ ಹೊತ್ತಿದ ಮೇಲೆ ಬಣ್ಣ ಕಲಸಿಹೋಯಿತು

ಮುಸ್ಸಂಜೆಯಲ್ಲಿ ಹೊರಗೆ ನೀಲಿ, ಒಳಗೆ ಹಳದಿ ಬಲ್ಬು, ಜಗುಲಿಯಲ್ಲಿ ಬಿಳಿ ಎಲ್‌ಇಡಿ. ಮನೆಯವರನ್ನೋ ಸಿಬ್ಬಂದಿಯನ್ನೋ ಕೇಳಿ ಒಂದು ಬಗೆಯ ದೀಪ ಮಾತ್ರ ಉಳಿಸಿಕೊಳ್ಳಿ. ಇದು ಒಂದು ಗಂಟೆಯ ಎಡಿಟಿಂಗ್ ಉಳಿಸುತ್ತದೆ. ದೀಪದ ವೈರು, ಫ್ಲಡ್‌ಲೈಟುಗಳನ್ನು ನೀವೇ ಮುಟ್ಟಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಗೋಡೆಯ ಮೇಲೆ ಅಡ್ಡಪಟ್ಟೆಗಳು ಬಂದಿದ್ದರೆ ಎಲ್‌ಇಡಿ ಮಿಣುಕುತ್ತಿದೆ ಎಂದರ್ಥ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ 1/50 ಅಥವಾ ಅದಕ್ಕಿಂತ ನಿಧಾನಕ್ಕೆ ಇಡಿ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಬಳಸಿ.

ನನ್ನ ಪರದೆಯಲ್ಲಿ ಚೆಂದ, ಕಳಿಸಿದ ಮೇಲೆ ಸಪ್ಪೆ

ಎಕ್ಸ್‌ಪೋರ್ಟ್ ಮಾಡುವಾಗ ಕಲರ್ ಸ್ಪೇಸ್ (ಫೈಲಿನಲ್ಲಿ ಹಿಡಿಸುವ ಬಣ್ಣಗಳ ವ್ಯಾಪ್ತಿ) ಏನಿತ್ತು ನೋಡಿ. ಅಡೋಬ್ ಆರ್‌ಜಿಬಿಯಲ್ಲಿ ಕಳಿಸಿದ ಫೈಲನ್ನು ಅದು ಗೊತ್ತಿಲ್ಲದ ಆ್ಯಪ್ ಸಪ್ಪೆಯಾಗಿ ತೋರಿಸುತ್ತದೆ. ಫೋನಿಗೆ, ವೆಬ್‌ಸೈಟಿಗೆ ಕಳಿಸುವುದೆಲ್ಲ ಎಸ್‌ಆರ್‌ಜಿಬಿಯಲ್ಲಿರಲಿ, ಕಲರ್ ಸ್ಪೇಸ್ ಯಾವುದೆಂದು ಹೇಳುವ ಪ್ರೊಫೈಲ್ ಫೈಲಿನೊಳಗೇ ಸೇರಿರಲಿ.

ಪ್ರಿಂಟಿನ ಬಣ್ಣವನ್ನು ಮನೆಯ ಬಲ್ಬಿನ ಕೆಳಗೆ ಅಳೆಯಬೇಡಿ. ಹಗಲು ಕಿಟಕಿಯ ಪಕ್ಕ, ನೇರ ಬಿಸಿಲಿಲ್ಲದ ಕಡೆ ಹಿಡಿದು ನೋಡಿ. ಒಮ್ಮೆ ಒಂದು ಲ್ಯಾಬ್ ನನ್ನ ಪಟ್ಟದಕಲ್ಲಿನ ಫೋಟೊಗಳಿಗೆ ತಾನಾಗಿಯೇ ಕಲರ್ ಕರೆಕ್ಷನ್ ಮಾಡಿ, ಹೊಂಬಿಸಿಲನ್ನೆಲ್ಲ ತೆಗೆದು ಕೊಟ್ಟಿತು. ಅಂದಿನಿಂದ ಆರ್ಡರ್ ಕೊಡುವಾಗಲೇ ‘ಬಣ್ಣ ತಿದ್ದಬೇಡಿ’ ಎಂದು ಬರೆದುಕೊಡುತ್ತೇನೆ. ಒಂದು ಸಣ್ಣ ಪ್ರಿಂಟ್ ಮೊದಲು ಹಾಕಿಸುತ್ತೇನೆ.

ಕೆಲಸ ಕೊಟ್ಟವರು ವಾಸ್ತುಶಿಲ್ಪಿಯಾಗಿದ್ದು, ಗೋಡೆಯ ಪೇಂಟು ಇದ್ದ ಹಾಗೇ ಕಾಣಬೇಕು ಎಂದರೆ ಸಂಜೆಯ ಫೋಟೊ ತಿದ್ದುತ್ತಾ ಕೂರಬೇಡಿ. ಹೋಲಿಕೆಗೆ ಗೊತ್ತಾದ ಬಣ್ಣಗಳಿರುವ ಕಲರ್ ಚಾರ್ಟ್ ಹಿಡಿದು ನಡುಹಗಲಲ್ಲಿ ಇನ್ನೊಂದು ಫೋಟೊ ತೆಗೆದುಕೊಡಿ. ಎರಡೂ ನಿಜ. ಎರಡರ ಕೆಲಸ ಬೇರೆ.

ಇಷ್ಟು ಮಾಡಿದರೂ ಬಣ್ಣ ಹೋಗುತ್ತಿಲ್ಲ

ಲೆನ್ಸಿನ ಮುಂದಿನ ಫಿಲ್ಟರ್ ಬಿಚ್ಚಿ. ಬೆಳಕು ಕಡಿಮೆ ಮಾಡುವ ಅಗ್ಗದ ಎನ್‌ಡಿ ಫಿಲ್ಟರುಗಳು ಕಂದು ಅಥವಾ ಹಸಿರು ಛಾಯೆ ಬಿಡುತ್ತವೆ. ಫಿಲ್ಟರ್ ಇಲ್ಲದೆ, ಮಧ್ಯಾಹ್ನದ ಬಿಸಿಲಲ್ಲಿ ಗ್ರೇ ಕಾರ್ಡಿನ ಫೋಟೊ ತೆಗೆಯಿರಿ. ಡೇಲೈಟಿನಲ್ಲಿ ಬೂದು ಬೂದಾಗಿ ಬಂದರೆ ಕ್ಯಾಮೆರಾ ಸರಿ ಇದೆ. ಬರದಿದ್ದರೆ ಬೇರೆ ಲೆನ್ಸ್ ಹಾಕಿ ನೋಡಿ. ಎಲ್ಲ ಲೆನ್ಸಿನಲ್ಲೂ ಒಂದೇ ಕಲೆ, ಅಥವಾ ಚಿತ್ರದ ಒಂದು ಮೂಲೆಗೆ ಮಾತ್ರ ಬಣ್ಣ ಎಂದರೆ ಸರ್ವಿಸ್ ಸೆಂಟರಿಗೆ ಕೊಡಿ. ಸೆನ್ಸರನ್ನು ಬಟ್ಟೆಯಲ್ಲಿ ಒರೆಸುವುದು, ಕ್ಯಾಮೆರಾ ಬಿಚ್ಚುವುದು ಬೇಡ.

ಎಲ್ಲರಿಗೂ ಸರಿ ಕಾಣುವ ಫೋಟೊ ನಿಮಗೊಬ್ಬರಿಗೇ ಹಳದಿ ಕಂಡರೆ, ಅಥವಾ ಒಂದು ಕಣ್ಣಿಗೂ ಇನ್ನೊಂದಕ್ಕೂ ಬಣ್ಣ ಬೇರೆ ಕಂಡರೆ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಪೊರೆ ಬೆಳೆಯುವಾಗ ಹೀಗಾಗುತ್ತದೆ. ದಿಢೀರನೆ ಆಗಿದ್ದರೆ ತಡ ಮಾಡಬೇಡಿ.

ಜಾಗದಲ್ಲಿ ಎಚ್ಚರ

ಆಪ್ಟಿಕಲ್ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೋಡಬೇಡಿ, ಟೆಲಿ ಲೆನ್ಸ್ ಇದ್ದರಂತೂ ಕಣ್ಣೇ ಹೋಗಬಹುದು. ಸೂರ್ಯ ಚೌಕಟ್ಟಿನಲ್ಲಿ ಬರಬೇಕಾದರೆ ಹಿಂದಿನ ಪರದೆ ಬಳಸಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ಮೊದಲೇ ಕೇಳಿಕೊಳ್ಳಿ. ಬಾದಾಮಿ, ಹಂಪಿಯಲ್ಲಿ ಕೋತಿಗಳು ಬ್ಯಾಗಿಗೆ ಕೈ ಹಾಕುತ್ತವೆ, ಜಿಪ್ ಮುಚ್ಚಿಡಿ. ಹಂಪಿಯ ಬಂಡೆಗಳ ಮೇಲೆ ಹತ್ತಿದ್ದರೆ ಸೂರ್ಯ ಮುಳುಗಿದ ಕೂಡಲೇ ಇಳಿಯಲು ಶುರುಮಾಡಿ. ಕತ್ತಲು ಬೇಗ ಬರುತ್ತದೆ. ಒಂದು ಟಾರ್ಚ್ ಜೇಬಿನಲ್ಲಿರಲಿ, ಫೋನಿನ ಬ್ಯಾಟರಿ ಆ ಹೊತ್ತಿಗೆ ಮುಗಿದಿರುತ್ತದೆ.